ದಾರಿ ಕಡಿದರೂ ಮಾತು ಕಡಿಯಬಾರದು

ಮಲೆನಾಡಿನ ಮಳೆಗಾಲದಲ್ಲಿ ಮೊದಲು ಹೋಗುವುದು ವಿದ್ಯುತ್ತು, ಅದರ ಬೆನ್ನಿಗೇ ದೂರವಾಣಿ, ಕೊನೆಗೆ ರಸ್ತೆ. ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮೇಲೆ ಕಳಸದ ಕಡೆಗೆ ಹೋಗುವ ದಾರಿಯ ಬದಿಯಲ್ಲಿ, ಕಾಫಿ ತೋಟದ ನಡುವೆ ಇರುವ ನಮ್ಮ ಮನೆಗೆ ಈ ಕ್ರಮ ಹೊಸದಲ್ಲ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆಯ ಮೇಲೆ ಹರಿದ ದಿನ ಕಳಸದಿಂದ ಹೊರನಾಡಿಗೆ ಹೋಗುವವರು ಸುತ್ತುದಾರಿ ಹಿಡಿಯುತ್ತಾರೆ. 2019ರ ಆಗಸ್ಟ್ ತಿಂಗಳಲ್ಲಿ ಮಲೆಮನೆ, ಮಧುಗುಂಡಿ ಮೊದಲಾದ ಊರುಗಳಲ್ಲಿ ಗುಡ್ಡಗಳು ಜರಿದು, ಮನೆ ತೋಟಗಳು ಮಣ್ಣುಪಾಲಾದಾಗ ಚಾರ್ಮಾಡಿ ಘಾಟಿಯೂ ಮುಚ್ಚಿತು. ಮಂಗಳೂರಿಗೆ ಹೋಗಬೇಕಾದವರು ಬೇರೆ ಘಾಟಿಯನ್ನು ಹುಡುಕಿಕೊಂಡರು. ಒಂದು ದಾರಿ ಕಡಿದರೆ ಇನ್ನೊಂದನ್ನು ಹಿಡಿಯಬೇಕು. ಇದು ಈ ಸೀಮೆಯ ಮಕ್ಕಳಿಗೂ ತಿಳಿದ ವಿವೇಕ.

ಆದರೆ ಇನ್ನೊಂದು ದಾರಿ ಇದ್ದ ಮಾತ್ರಕ್ಕೆ ಕೆಲಸ ಉಳಿಯುವುದಿಲ್ಲವೆಂಬ ಸಂಗತಿಯನ್ನು, ಅರವತ್ತು ದಾಟಿದ ಮೇಲೆ, ನನಗೆ ಕಲಿಸಿದವಳು ನನ್ನ ಸೊಸೆ. ಮಠದಲ್ಲಿದ್ದು ಸಂಸ್ಕೃತವನ್ನೂ ಹಳಗನ್ನಡವನ್ನೂ ಕಲಿತು, ಓಲೆಗರಿಗಳ ನಡುವೆ ಬದುಕು ಸವೆಸಿದ ನನಗೆ ಗಣಕಯಂತ್ರದ ವಿದ್ಯೆ ದೂರದ್ದು. ಆದರೂ ಈ ವಿಷಯವನ್ನು ಬರೆಯುತ್ತಿದ್ದೇನೆ. ಇಂದು ಅನೇಕ ಶರಣಬಂಧುಗಳ ಮಕ್ಕಳು, ಸೊಸೆಯಂದಿರು ಹಳ್ಳಿಯ ಮನೆಯಲ್ಲಿ ಕುಳಿತೇ ದೂರದ ಕಚೇರಿಗಳಲ್ಲಿ ದುಡಿಯುತ್ತಿದ್ದಾರೆ. ನಮ್ಮ ಮನೆಗೆ ಬಂದ ಕಷ್ಟ ಅವರ ಮನೆಗೂ ಬರಬಹುದಾದದ್ದು.

ನನ್ನ ಧರ್ಮಪತ್ನಿಗೆ 2023ರಲ್ಲಿ ಪಾರ್ಶ್ವವಾಯು ಬಡಿಯಿತು. ಬಲಗೈ ಸ್ವಲ್ಪ ಚೇತರಿಸಿಕೊಂಡಿತು. ಮಾತು ಮಾತ್ರ ಪೂರ್ತಿ ಮರಳಲಿಲ್ಲ. ಹೇಳಬೇಕಾದದ್ದು ಮನಸ್ಸಿನಲ್ಲಿರುತ್ತದೆ, ಪದ ಸಿಗುವುದಿಲ್ಲ. ಮಗ ತೋಟ ನೋಡಿಕೊಳ್ಳುತ್ತಾನೆ. ಸೊಸೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಉದ್ಯೋಗಿ. ಅತ್ತೆಯ ಈ ಸ್ಥಿತಿಯನ್ನು ಕಂಡು, ಮೇಲಧಿಕಾರಿಗಳ ಒಪ್ಪಿಗೆ ಪಡೆದು, ಮನೆಯಿಂದಲೇ ಕೆಲಸ ಮಾಡಲು ಬಂದು ನಿಂತಳು. ವೈದ್ಯರು ಹೇಳಿಕೊಟ್ಟ ಮಾತಿನ ಅಭ್ಯಾಸವನ್ನು ದಿನಕ್ಕೆ ಎರಡು ಹೊತ್ತು ಮಾಡಿಸುವವಳು ಅವಳೇ. ನಮಗೆ ಇಲ್ಲದ ಒಂದು ತಾಳ್ಮೆ ಅವಳಲ್ಲಿದೆ. ಅತ್ತೆಯ ವಾಕ್ಯ ಅರ್ಧಕ್ಕೆ ನಿಂತರೆ ನಾನೂ ಮಗನೂ ಅವಸರದಿಂದ ಮಿಕ್ಕ ಪದವನ್ನು ಹೇಳಿಬಿಡುತ್ತಿದ್ದೆವು. ಸೊಸೆ ಹೇಳುವುದಿಲ್ಲ, ನಿಂತ ಜಾಗವನ್ನು ನೆನಪಿನಲ್ಲಿಟ್ಟುಕೊಂಡು ಸುಮ್ಮನೆ ಕಾಯುತ್ತಾಳೆ.

ಅವಳ ಕಚೇರಿಯ ಕೆಲಸ ಹೆಚ್ಚಾಗಿ ರಾತ್ರಿಯದು. ಬೆಂಗಳೂರಿನಲ್ಲಿರುವ ಸರ್ವರ್ ಎಂಬ ದೊಡ್ಡ ಗಣಕಯಂತ್ರದೊಳಕ್ಕೆ ಇಲ್ಲಿಂದಲೇ ಪ್ರವೇಶಿಸಿ, ಗ್ರಾಹಕ ಸಂಸ್ಥೆಗಳ ಲೆಕ್ಕಪತ್ರಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬೇಕು. ಹಾಗೆ ಪ್ರವೇಶಿಸಿದ ಕ್ಷಣದಿಂದ ಹೊರಬರುವವರೆಗಿನ ಅವಿಚ್ಛಿನ್ನ ವ್ಯವಹಾರಕ್ಕೆ ಸೆಷನ್ ಎನ್ನುತ್ತಾರೆ. ಮನೆಗೆ ಫೈಬರ್ ತಂತಿ ಬಂದಿತ್ತು. ಸಿಲ್ವರ್ ಓಕ್ ಮರದ ಕೊಂಬೆ ಬಿದ್ದಾಗಲೆಲ್ಲ ಅದು ಕಡಿಯುತ್ತಿದ್ದುದರಿಂದ ಮಗ 2024ರ ಜೂನ್ ತಿಂಗಳಲ್ಲಿ ಎರಡನೆಯ ವ್ಯವಸ್ಥೆಯೊಂದನ್ನು ಮಾಡಿದ. ಮೊಬೈಲ್ ಸಿಮ್ ಹಾಕುವ ರೌಟರ್ ತಂದು, ತಂತಿ ಕಡಿದರೆ ತಾನಾಗಿಯೇ ಸಿಮ್ಮಿನ ದಾರಿಗೆ ಹೊರಳುವಂತೆ ಇರಿಸಿದ. ಇದಕ್ಕೆ ಫೇಲ್‌ಓವರ್ ಎಂದು ಹೆಸರು. “ಇನ್ನು ಚಿಂತೆಯಿಲ್ಲ ಅಪ್ಪಾಜಿ” ಎಂದ. ನಾನೂ ನಿಶ್ಚಿಂತನಾದೆ.

ಜುಲೈ ತಿಂಗಳ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಗಾಳಿ ಎದ್ದು, ತೋಟದ ಅಂಚಿನಲ್ಲಿ ಮರವೊಂದು ಉರುಳಿದ ಸದ್ದಾಯಿತು. ನಾನು ಹಜಾರದಲ್ಲಿ ಕುಳಿತು ಮೊಬೈಲಿನಲ್ಲಿ ಹಳೆಯ ಪ್ರವಚನವೊಂದನ್ನು ಕೇಳುತ್ತಿದ್ದೆ. ಅದು ತಡವರಿಸಲೇ ಇಲ್ಲ. ಹೊಸ ವ್ಯವಸ್ಥೆ ಸಾರ್ಥಕವಾಯಿತೆಂದು ಒಳಗೆ ಹೋಗಿ ನೋಡಿದರೆ ಸೊಸೆ ತಲೆಯ ಮೇಲೆ ಕೈಯಿಟ್ಟು ಕುಳಿತಿದ್ದಳು. ಎರಡು ಗಂಟೆಯಿಂದ ನಡೆಯುತ್ತಿದ್ದ ಕೆಲಸ ಅರ್ಧಕ್ಕೆ ಸತ್ತುಹೋಗಿತ್ತು. ಬೆಳಗಿನ ಹೊತ್ತಿಗೆ ಗ್ರಾಹಕರ ಲೆಕ್ಕದಲ್ಲಿ ಅರ್ಧ ಹೊಸದು, ಅರ್ಧ ಹಳೆಯದು. ಮೂರನೆಯ ದಿನ ಕಚೇರಿಯಿಂದ ಪತ್ರ ಬಂತು: ಇದು ಎರಡನೆಯ ಬಾರಿ, ಒಂದು ತಿಂಗಳೊಳಗೆ ಸರಿಪಡಿಸದಿದ್ದರೆ ಬೆಂಗಳೂರಿಗೆ ಬಂದು ಕೆಲಸಕ್ಕೆ ಹಾಜರಾಗತಕ್ಕದ್ದು. ಪತ್ರವನ್ನು ಅವಳು ಅತ್ತೆಗೆ ತೋರಿಸಲಿಲ್ಲ.

“ದಾರಿ ತಕ್ಷಣವೇ ಬದಲಾಯಿತಲ್ಲಮ್ಮ, ನನ್ನ ಪ್ರವಚನ ನಿಲ್ಲಲಿಲ್ಲ. ನಿನ್ನ ಕೆಲಸ ಮಾತ್ರ ಏಕೆ ನಿಂತಿತು?” ಎಂದು ಕೇಳಿದೆ.

“ಪ್ರವಚನ ತುಂಡುತುಂಡಾಗಿ ಬರುತ್ತೆ ಮಾವ. ಸ್ವಲ್ಪ ಮುಂಚಿತವಾಗಿಯೇ ಬಂದು ನಿಮ್ಮ ಮೊಬೈಲಿನಲ್ಲಿ ಕೂತಿರುತ್ತೆ. ಮುಂದಿನ ತುಂಡನ್ನು ಹೊಸ ದಾರಿಯಿಂದ ಹೊಸದಾಗಿ ಕೇಳಿದರೂ ಕೊಡ್ತಾರೆ. ನನ್ನದು ಹಾಗಲ್ಲ. ಅಲ್ಲಿ ಅವರು ನನ್ನನ್ನು ಗುರುತು ಹಿಡಿದಿರಬೇಕು. ದಾರಿ ಬದಲಾದದ್ದು ತಪ್ಪಲ್ಲ ಮಾವ, ದಾರಿಯ ಜೊತೆ ನನ್ನ ವಿಳಾಸವೂ ಬದಲಾಯಿತು, ಅದೇ ತಪ್ಪು” ಎಂದಳು.

ಇದನ್ನು ಅವಳು ಬಿಡಿಸಿ ಹೇಳಿದ ಮೇಲೆಯೇ ನನಗೆ ತಿಳಿದದ್ದು. ಎರಡು ಗಣಕಯಂತ್ರಗಳು ನಂಬಿಕೆಯಿಂದ ಮಾತನಾಡುವ ಟಿಸಿಪಿ ಎಂಬ ಪದ್ಧತಿಗೆ, ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬ ಇಬ್ಬರು ವಿದ್ವಾಂಸರು 1974ರಲ್ಲಿ ಪ್ರಕಟಿಸಿದ ಪ್ರಬಂಧವೇ ಮೂಲ. ಅದರ ಪ್ರಕಾರ ಒಂದು ಸಂಪರ್ಕವನ್ನು ಗುರುತಿಸುವುದು ನಾಲ್ಕು ಅಂಕಿಗಳಿಂದ: ಈ ಕಡೆಯ ವಿಳಾಸ, ಈ ಕಡೆಯ ಬಾಗಿಲಿನ ಸಂಖ್ಯೆ, ಆ ಕಡೆಯ ವಿಳಾಸ, ಆ ಕಡೆಯ ಬಾಗಿಲಿನ ಸಂಖ್ಯೆ. ನಾಲ್ಕರಲ್ಲಿ ಒಂದು ಬದಲಾದರೂ ಅದು ಬೇರೆ ಸಂಪರ್ಕ. ಆ ಕಾಲದಲ್ಲಿ ಗಣಕಯಂತ್ರವೆಂದರೆ ಕೋಣೆ ತುಂಬುವ ವಸ್ತು. ಮಾತಿನ ನಡುವೆ ಅದು ವಿಳಾಸ ಬದಲಿಸೀತೆಂದು ಯೋಚಿಸಬೇಕಾದ ಅಗತ್ಯವೇ ಇರಲಿಲ್ಲ. ಈಗ ಫೈಬರ್ ಕಂಪನಿ ಒಂದು ವಿಳಾಸ ಕೊಡುತ್ತದೆ, ಸಿಮ್ಮಿನ ಕಂಪನಿ ಇನ್ನೊಂದನ್ನು ಕೊಡುತ್ತದೆ. ನಡುರಾತ್ರಿ ದಾರಿ ಹೊರಳಿದ ಕ್ಷಣದಲ್ಲಿ ಅದೇ ಸೊಸೆ, ಅದೇ ಕೋಣೆ, ಅದೇ ಯಂತ್ರ. ಆದರೆ ಬೆಂಗಳೂರಿನ ಸರ್ವರಿಗೆ ಅವಳು ಅಪರಿಚಿತೆ.

ಇಲ್ಲಿ ಒಂದು ವಿಚಿತ್ರವಿದೆ. ಒಂದೇ ತಂತಿ ಇದ್ದಾಗ ಅದು ಅರ್ಧ ನಿಮಿಷ ಕಡಿದು ಮತ್ತೆ ಕೂಡಿಕೊಂಡರೆ ಅವಳ ಕೆಲಸ ಎಷ್ಟೋ ಸಲ ಉಳಿದಿತ್ತು. ಟಿಸಿಪಿಯ ಗುಣವೇ ಅದು: ಉತ್ತರ ಬಾರದಿದ್ದರೆ ಕಳುಹಿಸಿದ್ದನ್ನೇ ಮತ್ತೆ ಮತ್ತೆ ಕಳುಹಿಸುತ್ತ ಕಾಯುತ್ತದೆ. ವಿಳಾಸ ಅದೇ ಆಗಿ ದಾರಿ ಮರಳಿದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ನಾವು ಎರಡನೆಯ ದಾರಿ ಮಾಡಿಕೊಟ್ಟು, ಕಾಯಬಹುದಾಗಿದ್ದ ಸಂಪರ್ಕವನ್ನು ಅವಸರದಿಂದ ಹೊಸ ವಿಳಾಸಕ್ಕೆ ಎಳೆದು ಕೊಂದೆವು. ಉಪಕಾರವೆಂದು ಮಾಡಿದ್ದೇ ಅಪಕಾರವಾಯಿತು.

ಸಂಪರ್ಕ ಸತ್ತರೆ ಆ ಕಡೆ ನಡೆಯುತ್ತಿದ್ದ ಕೆಲಸವೂ ಸಾಯಬೇಕೇಕೆ ಎಂದು ಕೇಳಿದೆ. ಅದಕ್ಕೂ ಹಳೆಯ ಕಾರಣವಿದೆ. ಯುನಿಕ್ಸ್ ವಂಶದ ಯಂತ್ರಗಳಲ್ಲಿ, ಬಳಕೆದಾರನ ಸಂಪರ್ಕ ಹೋಯಿತೆಂದು ಖಚಿತವಾದಾಗ, ಅವನು ಆರಂಭಿಸಿದ ಕೆಲಸಗಳಿಗೆ ಒಂದು ಸಂಜ್ಞೆ ಹೋಗುತ್ತದೆ. ದೂರವಾಣಿಯ ರಿಸೀವರ್ ಕೆಳಗಿಡುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಹ್ಯಾಂಗ್ ಅಪ್’ ಎಂಬ ಮಾತೇ ಆ ಸಂಜ್ಞೆಯ ಹೆಸರು. ಅದನ್ನು ಪಡೆದ ಕೆಲಸ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಕೇಳುವವನು ಎದ್ದುಹೋದನೆಂದು ತಿಳಿದು ಹೇಳುವವನು ಗ್ರಂಥ ಮುಚ್ಚಿದ ಹಾಗೆ.

ಆ ಮಾತು ಕೇಳಿದಾಗ ನನಗೆ ಮಠದ ದಿನಗಳು ನೆನಪಾದವು. ಶ್ರಾವಣ ಮಾಸದ ರಾತ್ರಿಗಳಲ್ಲಿ ಪುರಾಣ ಪಠಣ ನಡೆಯುತ್ತಿತ್ತು. ಓದುವವರ ಪಕ್ಕದಲ್ಲಿ ಕುಳಿತು ಸಾಲಿನ ಮೇಲೆ ಬೆರಳಿಟ್ಟುಕೊಂಡಿರುವುದು ಹುಡುಗನಾದ ನನ್ನ ಕೆಲಸ. ಗಾಳಿಗೆ ದೀಪ ಆರಿದರೆ, ಓದುತ್ತಿದ್ದವರ ಗಂಟಲು ಕಟ್ಟಿ ಇನ್ನೊಬ್ಬರು ಪೀಠಕ್ಕೆ ಬಂದರೆ, ಬೆರಳು ಮಾತ್ರ ಅಲುಗಕೂಡದು. ಒಮ್ಮೆ ನಿದ್ದೆಗಣ್ಣಿನಲ್ಲಿ ಬೆರಳು ಜಾರಿತು. ಹೊಸದಾಗಿ ಬಂದು ಕುಳಿತವರು ಹಿಂದಿನ ಸಂಧಿಯ ಪದ್ಯವನ್ನೇ ಮತ್ತೆ ಎತ್ತಿದರು. ಸಭೆ ನಕ್ಕಿತು. ಗುರುಗಳು ಬಯ್ಯಲಿಲ್ಲ. “ಓದುವವರು ಬದಲಾಗಬಹುದು, ದೀಪ ಬದಲಾಗಬಹುದು, ನಿಂತ ಜಾಗ ಎಲ್ಲಿಯೆಂದು ಒಬ್ಬನಿಗಾದರೂ ಗೊತ್ತಿರಬೇಕು” ಎಂದಷ್ಟೇ ಹೇಳಿದರು. ಸೊಸೆಗೆ ಈ ಕಥೆ ಹೇಳಿದೆ. “ನನಗೆ ಬೇಕಾದದ್ದು ಆ ಬೆರಳೇ ಮಾವ” ಎಂದು ನಕ್ಕಳು. ಪತ್ರ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಮುಂದಿನ ಒಂದು ತಿಂಗಳು ನಮ್ಮ ಮನೆ ಪ್ರಯೋಗಶಾಲೆಯಾಯಿತು. ಅವಳು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು ವಿದ್ಯುತ್ತು. ಮನೆಯಲ್ಲಿ ಇನ್ವರ್ಟರ್ ಇದ್ದರೂ, ಅದು ಬ್ಯಾಟರಿಗೆ ಹೊರಳುವ ರೆಪ್ಪೆ ಮಿಟುಕಿನಷ್ಟು ಕಾಲದಲ್ಲಿ ರೌಟರ್ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಅದು ಮತ್ತೆ ಸಿದ್ಧವಾಗಲು ಎರಡು ಮೂರು ನಿಮಿಷ ಬೇಕು. ತಂತಿ ಕಡಿಯದ ರಾತ್ರಿಗಳಲ್ಲಿಯೂ ಆಗುತ್ತಿದ್ದ ತೊಂದರೆಗೆ ಇದೇ ಕಾರಣ. ಫೈಬರ್ ಪೆಟ್ಟಿಗೆಗೂ ರೌಟರಿಗೂ ಒಂದೊಂದು ಚಿಕ್ಕ ಯುಪಿಎಸ್ ಜೋಡಿಸಿದ್ದರಿಂದ ಆ ಪೀಡೆ ಕಳೆಯಿತು.

ಎರಡನೆಯದು ಎರಡು ದಾರಿಗಳೂ ನಿಜವಾಗಿ ಎರಡೇ ಹೌದೋ ಎಂಬ ಪರೀಕ್ಷೆ. ಮೊಬೈಲ್ ಗೋಪುರಕ್ಕೂ ಸಂದೇಶ ಆಕಾಶದಿಂದಲೇ ಬರುತ್ತದೆಂದು ನಾನು ತಿಳಿದಿದ್ದೆ. ಹಾಗಲ್ಲ, ಅನೇಕ ಗೋಪುರಗಳಿಗೆ ನೆಲದ ತಂತಿಯೇ ಆಧಾರ. ರಸ್ತೆಯ ಬದಿಯಲ್ಲಿ ಮಣ್ಣು ಕುಸಿದು ಆ ತಂತಿ ಕಡಿದರೆ ಮನೆಯ ಫೈಬರೂ ಗೋಪುರವೂ ಒಟ್ಟಿಗೇ ಮೂಕವಾಗಬಹುದು. ಸೊಸೆ ಮೂರು ಕಂಪನಿಗಳ ಸಿಮ್ಮುಗಳನ್ನು ಮನೆಯ ಮೂರು ಮೊಬೈಲುಗಳಲ್ಲಿ ಹಾಕಿದಳು. ಫೈಬರ್ ಹೋದಾಗಲೆಲ್ಲ ಯಾವುದು ಉಳಿಯಿತು, ಯಾವುದು ಹೋಯಿತು ಎಂಬುದನ್ನು ಪುಸ್ತಕದಲ್ಲಿ ಬರೆದಿಡುವ ಕೆಲಸ ನನ್ನದಾಯಿತು. ಒಂದು ಸಿಮ್ಮು ಪ್ರತಿ ಬಾರಿಯೂ ಫೈಬರಿನ ಜೊತೆಗೇ ಸತ್ತಿತು. ಮಗ ರೌಟರಿನಲ್ಲಿ ಹಾಕಿದ್ದ ಸಿಮ್ಮು ಅದೇ ಕಂಪನಿಯದು! ಅದನ್ನು ತೆಗೆದು, ಹೆಚ್ಚು ಬಾರಿ ಉಳಿದದ್ದನ್ನು ಹಾಕಿದೆವು.

ಮೂರನೆಯದೇ ಮುಖ್ಯವಾದುದು. ಕಚೇರಿಯ ಒಪ್ಪಿಗೆ ಪಡೆದು, ನಮ್ಮ ಮನೆಯ ರೌಟರಿನಿಂದ ಬೆಂಗಳೂರಿನವರೆಗೆ ವಿಪಿಎನ್ ಎಂಬ ಗುಪ್ತ ಸುರಂಗವನ್ನು ಏರ್ಪಡಿಸಿದಳು. ಅವಳು ಬಳಸಿದ್ದು ವೈರ್‌ಗಾರ್ಡ್ ಎಂಬುದನ್ನು. ಅದು 2020ರಲ್ಲಿ ಲಿನಕ್ಸಿನ ತಿರುಳಿನೊಳಕ್ಕೇ ಸೇರಿತು. ಸುರಂಗದೊಳಗೆ ಅವಳ ಯಂತ್ರಕ್ಕೆ ಒಂದು ಸ್ಥಿರವಾದ ವಿಳಾಸ. ಹೊರಗೆ ಫೈಬರಿನ ವಿಳಾಸವಿರಲಿ, ಸಿಮ್ಮಿನ ವಿಳಾಸವಿರಲಿ, ಒಳಗಿನದು ಬದಲಾಗುವುದಿಲ್ಲ. ಸುರಂಗದ ಆಚೆಯ ತುದಿ ಇವಳನ್ನು ಗುರುತಿಸುವುದು ಬಂದ ದಾರಿಯಿಂದಲ್ಲ, ಕೀಲಿ ಎಂಬ ರಹಸ್ಯ ಮುದ್ರೆಯಿಂದ. ಸರಿಯಾದ ಮುದ್ರೆಯಿರುವ ಪೊಟ್ಟಣವೊಂದು ಹೊಸ ವಿಳಾಸದಿಂದ ಬಂದರೆ, ‘ಇವರು ಈಗ ಇಲ್ಲಿದ್ದಾರೆ’ ಎಂದು ಬರೆದುಕೊಂಡು ಉತ್ತರವನ್ನು ಅಲ್ಲಿಗೇ ಕಳುಹಿಸುತ್ತದೆ. ಒಳಗಿರುವ ಸೆಷನ್ನಿಗೆ ಹೊರಗೆ ದಾರಿ ಬದಲಾದದ್ದೇ ತಿಳಿಯುವುದಿಲ್ಲ. ಕ್ಷಣಕಾಲ ಯಾರೋ ಉಸಿರು ಬಿಗಿಹಿಡಿದಂತೆ ತೋರುತ್ತದೆ, ಅಷ್ಟೆ.

ವಚನದ ಕಟ್ಟುಗಳನ್ನು ನೋಡಿದವರಿಗೆ ಈ ಮಾತು ಬೇಗ ಅರ್ಥವಾದೀತು. ಗರಿ ಯಾವ ಊರಿನ ಯಾವ ಕಟ್ಟಿನಲ್ಲಿ ಸಿಕ್ಕರೂ ಅಂಕಿತವನ್ನು ಕಂಡು ಇದು ಇಂತಹ ಶರಣರದೆಂದು ಗುರುತಿಸುತ್ತೇವೆ; ಸಿಕ್ಕಿದ ಮನೆಯ ವಿಳಾಸದಿಂದಲ್ಲ. ಆದರೆ ಅಂಕಿತವನ್ನು ಅನುಕರಿಸಿ ಪ್ರಕ್ಷಿಪ್ತ ಸೇರಿಸಿದವರೂ ಉಂಟಷ್ಟೆ, ನಿನ್ನ ಕೀಲಿಯ ಗತಿಯೇನೆಂದು ಕೇಳಿದೆ. ರಹಸ್ಯದ ಭಾಗ ಮನೆಯ ಯಂತ್ರವನ್ನು ಬಿಟ್ಟು ಹೊರಗೆ ಹೋಗುವುದೇ ಇಲ್ಲವೆಂದೂ, ಅದಿಲ್ಲದೆ ಮುದ್ರೆಯೊತ್ತಲು ಗಣಿತ ಬಿಡುವುದಿಲ್ಲವೆಂದೂ ಹೇಳಿದಳು. ಪ್ರಕ್ಷಿಪ್ತಗಳೊಡನೆ ಮೂವತ್ತು ವರ್ಷ ಗುದ್ದಾಡಿದ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ನಾಲ್ಕನೆಯದು ಆ ಬೆರಳು. ದೀರ್ಘವಾದ ಕೆಲಸವನ್ನು ತನ್ನ ಸಂಪರ್ಕಕ್ಕೆ ನೇರವಾಗಿ ಕಟ್ಟದೆ, ಸರ್ವರಿನಲ್ಲಿಯೇ ಇರುವ ಒಂದು ಕಾವಲು ತಂತ್ರಾಂಶದೊಳಗೆ ನಡೆಸತೊಡಗಿದಳು. ಸ್ಕ್ರೀನ್ ಎಂಬುದು 1987ರಿಂದಲೂ ಇರುವಂಥದು. ಅದೇ ಕೆಲಸವನ್ನು ಮಾಡುವ ಟಿಮಕ್ಸ್ ಎಂಬುದು ಅದಕ್ಕಿಂತ ಈಚಿನದು. ಸಂಪರ್ಕ ಪೂರ್ತಿ ಹೋದರೂ ಕೆಲಸ ಅಲ್ಲಿ ನಡೆಯುತ್ತಲೇ ಇರುತ್ತದೆ. ಮರಳಿ ಬಂದು ಕೇಳಿದರೆ ಬಿಟ್ಟ ಪರದೆಯನ್ನು ಬಿಟ್ಟ ಹಾಗೆಯೇ ತೋರಿಸುತ್ತದೆ.

ಐದನೆಯದು ಅವಸರವನ್ನು ಅಡಗಿಸುವುದು. ಪೆಟ್ಟಿಗೆಯ ಹಸಿರು ದೀಪವನ್ನು ನಂಬದೆ, ದೂರದ ಎರಡು ಸ್ಥಳಗಳಿಂದ ಉತ್ತರ ಬರುತ್ತಿದೆಯೇ ಎಂದು ರೌಟರ್ ಕೆಲವು ಕ್ಷಣಗಳಿಗೊಮ್ಮೆ ವಿಚಾರಿಸುವಂತೆ ಮಾಡಿದಳು. ಎರಡರಿಂದಲೂ ಸತತವಾಗಿ ಉತ್ತರ ಬಾರದಿದ್ದರೆ ಮಾತ್ರ ಹೊರಳಬೇಕು. ಹೋದ ಫೈಬರ್ ಮರಳಿದೊಡನೆ ಅದಕ್ಕೆ ಹಾರಕೂಡದು; ಐದು ನಿಮಿಷ ಅದು ಸ್ಥಿರವಾಗಿ ನಿಂತ ಮೇಲೆಯೇ ಮರಳಬೇಕು. ಗಾಳಿಯ ರಾತ್ರಿಯಲ್ಲಿ ಬಂದುಹೋಗುವ ತಂತಿಯ ಬೆನ್ನು ಹತ್ತಿದರೆ ಹತ್ತು ಸಲ ಹೊರಳಾಡಿ ಯಾವ ದಾರಿಯೂ ದಕ್ಕುವುದಿಲ್ಲ.

ಇದೆಲ್ಲ ಮುಗಿದ ದಿನ ನನ್ನನ್ನು ಯಂತ್ರದ ಮುಂದೆ ಕೂರಿಸಿ, “ಏನಾದರೂ ಬೆರಳಚ್ಚು ಮಾಡುತ್ತಾ ಇರಿ ಮಾವ” ಎಂದು ಹೇಳಿ, ಹೋಗಿ ಫೈಬರ್ ತಂತಿಯನ್ನು ಕಿತ್ತಳು. ನಾನು ಒತ್ತಿದ ಅಕ್ಷರಗಳು ಕಾಣದಾದವು. ಮಗ ಗಡಿಯಾರ ನೋಡಿ ಎಣಿಸುತ್ತಿದ್ದ. ಹತ್ತೊಂಬತ್ತು ಎನ್ನುವಷ್ಟರಲ್ಲಿ ತಡೆದು ನಿಂತಿದ್ದ ಅಕ್ಷರಗಳೆಲ್ಲ ಒಟ್ಟಿಗೇ ಪರದೆಯ ಮೇಲೆ ಸುರಿದವು. ಒಂದೂ ಕಳೆದಿರಲಿಲ್ಲ.

ಈ ವಿಚಾರ ನಮ್ಮ ಮನೆಯದಷ್ಟೇ ಅಲ್ಲವೆಂದು ಸೊಸೆಯಿಂದ ತಿಳಿಯಿತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 2012ರಲ್ಲಿ ಮಾಷ್ ಎಂಬ ಸಾಧನವನ್ನು ಇದಕ್ಕಾಗಿಯೇ ರೂಪಿಸಿದರು. ಮಡಿಲ ಗಣಕವನ್ನು ಮುಚ್ಚಿ, ಊರು ಬದಲಿಸಿ ತೆರೆದರೂ ಸೆಷನ್ ಉಳಿಯುತ್ತದೆ. 2021ರಲ್ಲಿ ಪ್ರಮಾಣೀಕೃತವಾದ ಕ್ವಿಕ್ ಎಂಬ ಪದ್ಧತಿಯಲ್ಲಿ ಪ್ರತಿ ಸಂಪರ್ಕಕ್ಕೂ ವಿಳಾಸದ ಹಂಗಿಲ್ಲದ ಗುರುತುಗಳಿರುತ್ತವೆ. 1974ರಲ್ಲಿ ವಿಳಾಸಕ್ಕೆ ಕಟ್ಟಿದ ಗಂಟನ್ನು ಹೀಗೆ ಒಂದೊಂದಾಗಿ ಬಿಚ್ಚುತ್ತಿದ್ದಾರೆ.

ಆಗಸ್ಟ್ ತಿಂಗಳಲ್ಲಿ ಮತ್ತೆ ಮರ ಬಿತ್ತು. ಫೈಬರ್ ಸರಿಯಾಗಲು ಎರಡು ದಿನ ಹಿಡಿಯಿತು. ದಾರಿ ಹೊರಳಿದ್ದು ಸೊಸೆಗೆ ತಿಳಿದದ್ದು ಬೆಳಿಗ್ಗೆ ರೌಟರಿನ ದಾಖಲೆ ನೋಡಿದಾಗ. ಇನ್ನೊಂದು ರಾತ್ರಿ ಇದಕ್ಕಿಂತ ಕಠಿಣವಾಯಿತು. ಫೈಬರ್ ಮೊದಲೇ ಹೋಗಿತ್ತು. ವಿದ್ಯುತ್ತಿಲ್ಲದೆ ಗೋಪುರವೂ ಮೌನವಾಯಿತು. ನಲವತ್ತು ನಿಮಿಷ ನಮಗೆ ಯಾವ ಲೋಕದ ಸುದ್ದಿಯೂ ಇರಲಿಲ್ಲ. ಎರಡೂ ದಾರಿ ಕಡಿದರೆ ಯಾವ ಸುರಂಗವೂ ಕೆಲಸಕ್ಕೆ ಬಾರದು. ಆದರೆ ಸಂಪರ್ಕ ಮರಳಿದಾಗ, ಬೆಂಗಳೂರಿನಲ್ಲಿ ಅವಳ ಕೆಲಸ ಅವಳಿಲ್ಲದೆಯೇ ಮುಗಿದು ಕಾದಿತ್ತು. ಎಲ್ಲವನ್ನೂ ಬರೆದು ಕಚೇರಿಗೆ ಕಳುಹಿಸಿದಳು. ಇನ್ನೊಂದು ವರ್ಷ ಮನೆಯಿಂದಲೇ ಕೆಲಸ ಮಾಡಬಹುದು, ಆಮೇಲೆ ಮತ್ತೆ ವಿಚಾರಿಸೋಣವೆಂದು ಉತ್ತರ ಬಂತು. ನಮಗೆ ಅಷ್ಟು ಸಾಕಾಯಿತು.

ಮನೆಯಲ್ಲಿ ಕುಳಿತು ದುಡಿಯುವ ಮಕ್ಕಳಿರುವ ಬಂಧುಗಳಿಗೆ ನನ್ನ ವಿನಂತಿ ಇಷ್ಟೆ: ಎರಡನೆಯ ದಾರಿ ಕೊಂಡ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಎರಡು ದಾರಿಗಳೂ ಒಂದೇ ಕಂಬದ ಮೇಲೆ ನಿಂತಿಲ್ಲವೆಂದು ನೋಡಿಕೊಳ್ಳಿ. ದಾರಿ ಬದಲಾದರೂ ಆಚೆಯವರು ಗುರುತು ಹಿಡಿಯುವ ಏರ್ಪಾಡು ಉಂಟೇ ಎಂದು ಕಚೇರಿಯವರನ್ನು ಕೇಳಿ. ಬೇಸಗೆಯಲ್ಲಿಯೇ ಒಮ್ಮೆ ತಂತಿ ಕಿತ್ತು ಪರೀಕ್ಷಿಸಿ. ಮಳೆಗಾಲ ತಾನು ಪರೀಕ್ಷಿಸುವವರೆಗೆ ಕಾಯಬೇಡಿ.

ಸೆಪ್ಟೆಂಬರ್ ತಿಂಗಳ ಒಂದು ಸಂಜೆ ನಾನು ಹೊರಗೆ ಹೊರಟಿದ್ದೆ. ನನ್ನಾಕೆ ಬಾಗಿಲ ಕಡೆ ಕೈ ತೋರಿಸಿ, “ಮಳೆ... ತಗೊಂಡು...” ಎಂದು ನಿಂತಳು. ಪದ ಸಿಗಲಿಲ್ಲ. ನನ್ನ ನಾಲಿಗೆಯ ತುದಿಗೆ ಅದು ಬಂದಿತ್ತು. ಸೊಸೆ ನನ್ನ ಕಡೆ ನೋಡಿದಳು, ಸುಮ್ಮನಾದೆ. ನಾವು ಮೂವರೂ ಕಾದೆವು. ಹೊರಗೆ ಹನಿ ಬೀಳುತ್ತಿತ್ತು. “ಕಪ್ಪು... ಬಿಚ್ಚೋದು... ತಲೆ ಮೇಲೆ” ಎಂದು ಬೇರೆ ಬೇರೆ ದಾರಿಗಳಲ್ಲಿ ಸುತ್ತಿಬಂದು, ಕೊನೆಗೆ “ಕೊಡೆ” ಎಂದಳು.

ಕೊಡೆ ತೆಗೆದುಕೊಂಡು ಹೊರಟೆ.